ನೂರಾ ಒಂದು ಗುಣಿ

ಶಿರಾಳಕೊಪ್ಪದಿಂದ ಆನವಟ್ಟಿಯವರೆಗೆ ನನ್ನಂಥ ಗಂಟಲು ಇನ್ನೊಂದಿಲ್ಲ. ಇದನ್ನು ಊರು ಹೇಳುತ್ತದೆ; ಊರು ಹೇಳದ ದಿನ ಮಾತ್ರ ನಾನೇ ಹೇಳಿಕೊಳ್ಳುತ್ತೇನೆ. ಆಟೋದ ತಲೆಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಮೂವತ್ತು ವರ್ಷ ಶಿಕಾರಿಪುರ, ಸೊರಬದ ಒಂದೊಂದು ಓಣಿಯಲ್ಲೂ ಕೂಗಿದ್ದೇನೆ. ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಕಬಡ್ಡಿ, ಚುನಾವಣೆ, ಕಣ್ಣಿನ ಶಿಬಿರ, ಕಳೆದುಹೋದ ಎಮ್ಮೆ, ಸಾವು. ಒಮ್ಮೆ ಬಂದ ಸರ್ಕಸ್ಸಿನಲ್ಲಿ ಇದ್ದದ್ದು ಒಂದೇ ಒಂದು ಮುದಿ ಒಂಟೆ. ನಾನು ಕೂಗಿದ ಮೇಲೆ ಜನ ಒಂಟೆಗಳ ಹಿಂಡು ನೋಡಲು ಬಂದರು. ಬಂದವರು ಆ ಒಂದನ್ನೇ ನೋಡಿ, ಹಿಂಡು ನೋಡಿದೆವು ಎಂದು ಮನೆಯಲ್ಲಿ ಹೇಳಿಕೊಂಡರು. ಮೈಕ್ ಕೊಟ್ರೇಶ್ ಎಂದರೆ ಹಾಗೆ.

ಆದ್ದರಿಂದ ಸರ್ಕಾರವನ್ನೇ ಅಲುಗಾಡಿಸಿದವನು ನಾನು ಎಂದರೆ ನಂಬಬೇಕು. ಹನ್ನೊಂದು ಮುದುಕ ಮುದುಕಿಯರ ಮನೆ ಬಾಗಿಲಿಗೆ ಮೂರು ಜಿಲ್ಲೆಯ ಪೊಲೀಸರನ್ನು ತಂದು ನಿಲ್ಲಿಸಿದ ಬಾಯಿ ಇದು. ಮೂರು ಜಿಲ್ಲೆ ಅಲ್ಲ, ಒಂದು ವ್ಯಾನು. ಆದರೆ ವ್ಯಾನು ತುಂಬಿತ್ತು.

ಆ ಹನ್ನೊಂದು ಜನರಲ್ಲಿ ಮೊದಲನೆಯವಳು ನೀಲಾಂಬಿಕ, ನನ್ನ ದೊಡ್ಡವ್ವ, ಅವ್ವನ ಅಕ್ಕ. ಉಡುತಡಿಯಿಂದ ನಾಲ್ಕು ಹೊಲ ದಾಟಿದರೆ ಅವಳ ಮನೆ. ಮಕ್ಕಳಿಲ್ಲ. ನನ್ನವ್ವ ಬೇಗ ಹೋದದ್ದರಿಂದ ನಾನು ಬೆಳೆದದ್ದು ಅವಳ ರೊಟ್ಟಿಯ ಮೇಲೆ. ಅವಳ ಜೊತೆಗೆ ಸುತ್ತಿನ ಹಳ್ಳಿಯ ಆರು ಜನ, ಅಂಬ್ಲಿಗೊಳದ ಕಡೆಯ ಮೂವರು, ಕ್ಯಾಸನೂರಿನ ರಾಮಪ್ಪ ಒಬ್ಬ. ಊರು ಇವರನ್ನು ಗುಣಿಯವರು ಎನ್ನುತ್ತಿತ್ತು. ಗುಣಿ ಎಂದರೆ ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಕುಣಿ. ನಮ್ಮವರೆಲ್ಲ ಹಾಗೇ ಮಣ್ಣಾಗುವವರು; ಆದರೆ ಬೇರೆಯವರು ಸತ್ತ ಮೇಲೆ ತೆಗೆಸುತ್ತಾರೆ, ಇವರು ಬದುಕಿದ್ದಾಗಲೇ ತಾವೇ ತೆಗೆಯುತ್ತಿದ್ದರು. ಅವರವರ ಪಾದದಿಂದ ಅಳೆದು ಒಂಬತ್ತು ಪಾದ ಉದ್ದ, ಐದು ಪಾದ ಅಗಲ, ಒಂದು ಬದಿಗೆ ಕೂರಲು ಗೂಡು. ದೊಡ್ಡವ್ವನ ಹೊಲದ ಮೇಲ್ಭಾಗದಲ್ಲಿ ಬೆಳೆ ಬಾರದ ಒಂದು ಕಲ್ಲುಮಡಿ ಇತ್ತು, ಹನ್ನೊಂದೂ ಅಲ್ಲೇ. ವರ್ಷಕ್ಕೊಮ್ಮೆ, ಮೆಕ್ಕೆಜೋಳ ಮುರಿದಾದ ಮೇಲೆ, ಎಲ್ಲರೂ ಸೇರಿ ತಂತಮ್ಮ ಗುಣಿಯ ಕಸ ತೆಗೆದು, ಒಳಗಿಳಿದು ಲಿಂಗಪೂಜೆ ಮುಗಿಯುವಷ್ಟು ಹೊತ್ತು ಕೂತು, ಎದ್ದು ಬಂದು ಊಟ ಮಾಡುತ್ತಿದ್ದರು. ಊಟ ಮಾತ್ರ ಭರ್ಜರಿ. ಸಾವಿನೊಳಗಿಂದ ಎದ್ದು ಬಂದವರ ಹಸಿವು ನೀವು ನೋಡಬೇಕಿತ್ತು, ಒಬ್ಬೊಬ್ಬರು ಇಪ್ಪತ್ತು ಹೋಳಿಗೆ ತಿನ್ನುತ್ತಿದ್ದರು. ಸರಿ, ಐದು.

ಅಂಗೈಯ ಲಿಂಗ ಬಿಟ್ಟರೆ ಇವರು ಬೇರೆ ಯಾವುದಕ್ಕೂ ತಲೆ ಬಾಗಿಸುವವರಲ್ಲ. ಗುಡಿಗೆ ಹೋಗರು, ಸ್ವಾಮಿಗಳ ಪಾದ ತೊಳೆಯರು, ಜಾತಿ ಕೇಳರು, ಪಂಚಾಂಗ ನೋಡರು. ಇಷ್ಟೇ ಆಗಿದ್ದರೆ ಊರು ಸಹಿಸಿಕೊಳ್ಳುತ್ತಿತ್ತು. ಇವರು ಊರಿನವರ ಗೃಹಪ್ರವೇಶಕ್ಕೆ ಹೋಗಿ, ಹೋಮದ ಮುಂದೆ ನಿಂತು, "ಒಳ್ಳೆ ತುಪ್ಪ ಹಾಳು ಮಾಡ್ತೀರಲ್ರೀ, ಹುಡುಗ್ರಿಗೆ ಬಡಿಸ್ರಿ" ಎಂದು ಹೇಳಿ ಬರುತ್ತಿದ್ದರು. ಹೊಸ ಗುಡಿಗೆ ವಂತಿಗೆ ಕೇಳಲು ಬಂದ ಕೆಂಪಪ್ಪನಿಗೆ ದೊಡ್ಡವ್ವ, "ನಿಮ್ಮ ದೇವರಿಗೆ ಮನಿ ಇಲ್ಲೇನು, ನನ್ನ ದೇವರಿಗೆ ಕೈಯೇ ಮನಿ" ಎಂದಿದ್ದಳು. ಕೆಂಪಪ್ಪ ಆ ಮಾತನ್ನು ಮರೆಯಲಿಲ್ಲ.

ಅವರದು ಇನ್ನೊಂದು ನೇಮ ಇತ್ತು. ತಮ್ಮ ಬಗ್ಗೆ ಯಾರು ಏನೇ ಆಡಿಕೊಂಡರೂ ಹೋಗಿ ತಿದ್ದಬಾರದು. ಹೊಗಳಿದರೂ ತಿದ್ದಬಾರದು, ಬೈದರೂ ತಿದ್ದಬಾರದು. ತಿದ್ದಲು ಹೋದರೆ ಒಳಗಿನ 'ನಾನು' ಎದ್ದು ಕೂರುತ್ತದಂತೆ. ಎದುರು ನಿಂತು ಕೇಳಿದರೆ ನಿಜ ಹೇಳುತ್ತಾರೆ. ಬೆನ್ನ ಹಿಂದೆ ಆಡಿದ್ದನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಧರ್ಮ ಬೇರೆ ಯಾವುದಿದೆ. ಅವರ ಕಣ್ಣೆದುರೇ ಚಹಾದಂಗಡಿಯಲ್ಲಿ ಕೂತು, ದೊಡ್ಡವ್ವನ ಗುಣಿ ಮೂರು ಆಳು ಆಳ, ಕೆಳಗೆ ನೀರಿನ ಸದ್ದು ಕೇಳುತ್ತದೆ, ಅವಳು ಒಳಗೆ ಕೂತರೆ ಮೇಲೆ ಹದ್ದು ಸುತ್ತುತ್ತದೆ ಎಂದೆಲ್ಲ ಹೇಳುತ್ತಿದ್ದೆ. ಅವರು ಚಹಾ ಕುಡಿದು ಲೋಟ ತೊಳೆದಿಟ್ಟು ಹೋಗುತ್ತಿದ್ದರು.

ನನ್ನಿಂದ ದೊಡ್ಡವ್ವ ಜೀವನದಲ್ಲಿ ಕೇಳಿದ್ದು ಒಂದೇ ಕೆಲಸ.

"ಕೊಟ್ರ, ನಾನು ಹೋದಾಗ ನನ್ನ ಗುಣಿಯೊಳಗೆ ಕೂರ್ಸು. ಎಡಗೈಯಾಗೆ ಲಿಂಗ ಇಡು. ಮಣ್ಣು ಹಾಕು. ಅಷ್ಟೇ."

"ಅಷ್ಟೇನಾ ದೊಡ್ಡವ್ವ. ಇಪ್ಪತ್ತೊಂದು ಭಜಂತ್ರಿ ತರಿಸ್ತೀನಿ. ಶಿವಮೊಗ್ಗದಿಂದ ಆನೆ ತರಿಸ್ತೀನಿ. ನಿನ್ನ ಮೆರವಣಿಗೆ ತಲೆ ಗುಣಿ ಹತ್ರ ಇದ್ರೆ ಬಾಲ ಶಿಕಾರಿಪುರದ ಸಂತೆಯಾಗಿರ್ತೈತಿ."

"ಇಬ್ಬರು ಗಂಡಸರು ಸಾಕು. ಒಬ್ಬ ಮೇಲೆ, ಒಬ್ಬ ಕೆಳಗೆ."

"ಕೆಳಗೆ ನಾನೇ ಇಳೀತೀನಿ."

"ಮೊದಲು ಗುದ್ದಲಿ ಹಿಡಿಯೋದು ಕಲಿ," ಎಂದು ನಕ್ಕಳು. ನಾನು ಗುದ್ದಲಿ ಹಿಡಿದವನಲ್ಲ. ಮೈಕ್ ಹಿಡಿಯುವ ಕೈ ಅದು.

ಮಾತು ಕೊಟ್ಟೆ. ಮಾತು ನನ್ನ ಕಸುಬು, ಕೊಡುವುದಕ್ಕೇನು ಕಷ್ಟ.

ಆ ವರ್ಷ ಯೋಗೇಶ ಬಂದ. ಮೊಬೈಲನ್ನು ಕೋಲಿಗೆ ಸಿಕ್ಕಿಸಿಕೊಂಡು ಸುದ್ದಿ ಮಾಡುವ ಹುಡುಗ; ಒಂದು ಕಾಲದಲ್ಲಿ ನನ್ನ ಆಟೋ ಹಿಂದೆ ಓಡುತ್ತಿದ್ದವನು, ಈಗ ಅವನ ಚಾನೆಲ್ಲಿಗೆ ನಮ್ಮ ತಾಲ್ಲೂಕಿನ ಜನಸಂಖ್ಯೆಗಿಂತ ಹೆಚ್ಚು ಚಂದಾದಾರರು. ಅವನಿಗೆ ಗುಣಿಯವರ ಕತೆ ಬೇಕಿತ್ತು. ಅವರು ಕ್ಯಾಮರಾ ಮುಂದೆ ಕೂರುವವರಲ್ಲ, ಆದ್ದರಿಂದ ನನ್ನನ್ನು ಗುಣಿಗಳ ಪಕ್ಕ ನಿಲ್ಲಿಸಿಕೊಂಡ.

"ಎಷ್ಟು ಜನ ಅದಾರಣ್ಣ?"

"ಹನ್ನೊಂದು."

ಕೋಲು ಕೆಳಗಿಳಿಸಿದ. "ಹನ್ನೊಂದು ಮುದುಕ್ರು ಗುಂಡಿಯೊಳಗೆ ಕೂತ್ರೆ ಯಾರು ನೋಡ್ತಾರಣ್ಣ? ನಮ್ಮ ಓಣಿ ಕಟ್ಟೆ ಮೇಲೇ ಅದಕ್ಕಿಂತ ಜಾಸ್ತಿ ಮುದುಕ್ರು ಕೂತಿರ್ತಾರೆ."

ನನಗೆ ಉರಿಯಿತು. ನನ್ನ ದೊಡ್ಡವ್ವನನ್ನು ಓಣಿಯ ಕಟ್ಟೆಯ ಮುದುಕರ ಪಕ್ಕ ಕೂರಿಸುವುದೇ. ಒಂದು ಒಂಟೆಯನ್ನು ಹಿಂಡು ಮಾಡಿದವನಿಗೆ ಈ ಹುಡುಗ ಲೆಕ್ಕ ಹೇಳಿಕೊಡುವುದೇ.

"ಇಲ್ಲಿ ಕಾಣೋದು ಹನ್ನೊಂದಪ್ಪ," ಎಂದೆ. "ಒಟ್ಟು ನೂರಾ ಒಂದು ಗುಣಿ ಅದಾವೆ. ಉಡುತಡಿಯಿಂದ ಕ್ಯಾಸನೂರು ಕಾಡಿನ ಅಂಚಿನ ತನಕ."

ಕೋಲು ಮೇಲೆದ್ದಿತು. "ಯಾಕಣ್ಣ ಇಷ್ಟು?"

"ಆಜ್ಞೆ ಬರ್ತೈತಿ. ಬಂದ ದಿನ ನೂರಾ ಒಂದು ಜನಾನೂ ಒಂದೇ ಗಳಿಗೆಗೆ ಇಳಿದು ಕೂರ್ತಾರೆ. ಮೇಲೆ ಏಳಂಗಿಲ್ಲ. ನನ್ನ ದೊಡ್ಡವ್ವ ಕಣ್ಣು ಮುಚ್ಚಿದ್ರೆ ಸಾಕು, ಸರ್ಕಾರ ಅಡ್ಡ ಬಂದ್ರೂ ನಿಲ್ಲಲ್ಲ."

ಕೊನೆಯ ಮಾತನ್ನು ಯಾಕೆ ಹೇಳಿದೆನೋ ನನಗೆ ಗೊತ್ತಿಲ್ಲ. ಬಾಯಿ ಬಿಸಿಯಾಗಿತ್ತು. ಮೂರು ದಿನದಲ್ಲಿ ಒಂಬತ್ತು ಲಕ್ಷ ಜನ ನೋಡಿದರು. ಈ ಸಂಖ್ಯೆಗೆ ನಾನು ಒಂದನ್ನೂ ಸೇರಿಸಿಲ್ಲ, ಮೊಬೈಲೇ ತೋರಿಸುತ್ತಿತ್ತು. ಓಣಿಗೆಲ್ಲ ಮೈಸೂರು ಪಾಕು ಹಂಚಿದೆ. ದೊಡ್ಡವ್ವನಿಗೂ ಒಯ್ದು ಕೊಟ್ಟು, ವಿಡಿಯೋ ತೋರಿಸಿದೆ. ಕೊನೆಯ ತನಕ ನೋಡಿದಳು. ಮೈಸೂರು ಪಾಕಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡಳು.

"ಸಿಹಿ ಜಾಸ್ತಿ ಆಗೈತಿ," ಎಂದಳು.

ತಿದ್ದಲಿಲ್ಲ. ನೇಮ.

ಹದಿನೈದು ದಿನಕ್ಕೆ ವ್ಯಾನು ಬಂತು. ಜೊತೆಗೆ 'ಸಾರ್ವಜನಿಕ ಜೀವರಕ್ಷಣಾ ವಿಶೇಷ ವಿಚಾರಣಾ ಘಟಕ' ಎಂಬ, ನನ್ನ ಪ್ರಚಾರಕ್ಕಿಂತ ಉದ್ದ ಹೆಸರಿನ ಒಂದು ಇಲಾಖೆಯ ನೋಟೀಸು. ಆರೋಪಗಳು ಹೀಗಿದ್ದವು: ಸಾಮೂಹಿಕ ಆತ್ಮಹತ್ಯೆಗೆ ಪ್ರೇರಣೆ, ಅದಕ್ಕೆ ಪೂರ್ವಸಿದ್ಧತೆ, ಸರ್ಕಾರದ ವಿರುದ್ಧ ದ್ವೇಷ. ವಿಚಾರಣೆಗೆ ಮೊದಲು, ಜೀವರಕ್ಷಣೆಯ ದೃಷ್ಟಿಯಿಂದ, ನೂರಾ ಒಂದು ಗುಂಡಿಗಳನ್ನು ಮುಚ್ಚತಕ್ಕದ್ದು.

ಜೆಸಿಬಿ ಹೊಲಕ್ಕೆ ಇಳಿಯಿತು. ಮೂವತ್ತು ವರ್ಷ ಅವರು ಕೈಯಾರೆ ಸವರಿಟ್ಟ ಗೂಡುಗಳು ಒಂದೊಂದು ಬಕೆಟ್ಟಿಗೆ ಹೋದವು. ಹನ್ನೊಂದು ಮುಚ್ಚಲು ಒಂದು ಗಂಟೆಯೂ ಬೇಕಾಗಲಿಲ್ಲ. ದೊಡ್ಡವ್ವ ಬದುವಿನ ಮೇಲೆ ಕೂತು ನೋಡಿದಳು. ಎಪ್ಪತ್ತೊಂಬತ್ತು ವರ್ಷ, ಕಾಲು ಊದಿಕೊಂಡಿದ್ದವು, ಇನ್ನೊಂದು ತೆಗೆಯುವ ಶಕ್ತಿ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಜೆಸಿಬಿ ನಿಂತಿತು. ಆದೇಶ ಹಿಡಿದುಕೊಂಡ ಗುಮಾಸ್ತ ಸುತ್ತ ನೋಡಿದ. ಕಾನ್‌ಸ್ಟೇಬಲ್ ಮಾರಪ್ಪ ನನ್ನ ಹತ್ತಿರ ಬಂದ. "ಉಳಿದ ತೊಂಬತ್ತು ಎಲ್ಲಿ ಅದಾವ್ರೀ?"

"ಇಲ್ಲ ಮಾರಪ್ಪ. ನಾನು ಸುಮ್ನೆ ಹೇಳಿದ್ದು."

"ಇಲ್ಲ ಅಂದ್ರೆ ಹೆಂಗ್ರೀ. ಮೇಲಿಂದ ನೂರಾ ಒಂದು ಅಂತ ಬಂದೈತಿ. ಕಡಿಮೆ ಆದ್ರೆ ನಾವು ಬಚ್ಚಿಟ್ಟಂಗಾಗ್ತದೆ."

ಆ ಮೇಲೆ ನಡೆದದ್ದನ್ನು ನಾನು ಹೇಳಿದರೆ ಕೊಟ್ರೇಶ ಬಿಡುತ್ತಿದ್ದಾನೆ ಎನ್ನುತ್ತೀರಿ. ಪಕ್ಕದ ಹೊಲದವರು ತೆಂಗಿನ ಸಸಿಗೆ ತೆಗೆದಿದ್ದ ಗುಂಡಿಗಳನ್ನು ಮುಚ್ಚಿದರು, ನಲವತ್ತೆಂಟು. ಕೃಷಿಹೊಂಡ ಒಂದು. ಶಾಲೆಯ ಶೌಚಾಲಯಕ್ಕೆ ತೆಗೆದ ಗುಂಡಿ ಎರಡು. ಗಿಡ ನೆಡಲು ರಸ್ತೆಬದಿಯಲ್ಲಿ ಸರ್ಕಾರವೇ ತೆಗೆಸಿದ್ದ ಗುಂಡಿಗಳು ಉಳಿದ ಸಂಖ್ಯೆಗೆ ಸರಿಹೋದವು. ಒಂದೊಂದಕ್ಕೂ ಫೋಟೋ ತೆಗೆದರು. ಸಂಜೆಯ ಹೊತ್ತಿಗೆ ಪಂಚನಾಮೆ ಸಿದ್ಧವಾಯಿತು: ನೂರಾ ಒಂದು. ನನ್ನ ಜೀವಮಾನದಲ್ಲಿ ನನ್ನನ್ನು ಮೀರಿಸಿದವರನ್ನು ಅಂದೇ ನೋಡಿದ್ದು. ನಾನು ಬಾಯಲ್ಲಿ ಹೇಳಿದ್ದನ್ನು ಅವರು ನೆಲದಲ್ಲಿ ತೋರಿಸಿದರು.

ಹನ್ನೊಂದು ಜನರನ್ನೂ ವ್ಯಾನಿಗೆ ಹತ್ತಿಸಿಕೊಂಡು ಹೋದರು. ವಿಚಾರಣೆ ಹಳೆಯ ಬಂಗಲೆಯೊಂದರಲ್ಲಿ ನಡೆಯಿತು. ವಿಚಾರಣಾಧಿಕಾರಿ ಒಬ್ಬರು ಮೇಡಂ. ಕೆಟ್ಟವರಲ್ಲ, ದೊಡ್ಡವ್ವನಿಗೆ ಎದ್ದು ಕೈಮುಗಿದರು, ಕುರ್ಚಿ ಹಾಕಿಸಿದರು. ದೊಡ್ಡವ್ವ ಕೂತಳು, ತಿರುಗಿ ಕೈಮುಗಿಯಲಿಲ್ಲ. ಟೈಪಿಸ್ಟ್ ಅದನ್ನೂ ಬರೆದುಕೊಂಡ.

"ಆರೋಗ್ಯ ಹೇಗಿದೆ ಅಮ್ಮಾ?"

"ಕಾಲು ಊದ್ಯಾವೆ. ಬಾಯಿ ಚೆನ್ನಾಗೈತಿ. ಕೇಳ್ರಿ."

"ಸಾಯೋದಕ್ಕೆ ಗುಂಡಿ ತೆಗೆದಿದ್ದು ಹೌದಾ?"

"ಕೂರೋಕೆ ತೆಗೆದದ್ದು. ಸಾಯೋಕೆ ಗುಂಡಿ ಯಾಕ್ರೀ ಬೇಕು, ಈ ಕುರ್ಚಿ ಮೇಲೂ ಸಾಯಬಹುದು."

ಹಿಂದೆ ನಿಂತ ಜನ ನಕ್ಕರು. ಮೇಡಂ ನಗಲಿಲ್ಲ. "ಬೇರೆಯವರಿಗೆ ಸಾಯೋ ಪ್ರೇರಣೆ ಕೊಡ್ತೀರಿ ಅಂತ ಆರೋಪ ಇದೆ."

"ಮೂವತ್ತು ವರ್ಷದಿಂದ ಇಳೀತೀವಿ, ಹತ್ತಿ ಬರ್ತೀವಿ. ಇಳಿದೋರು ಹತ್ತದೆ ಉಳಿದದ್ದು ಇಲ್ಲ. ಇದೇ ಸುತ್ತಿನಾಗೆ ಕಳೆನಾಶಕ ಕುಡಿದು ಸತ್ತ ಹುಡುಗ್ರು ಎಷ್ಟು ಜನ ಅಂತ ನಿಮ್ಮ ಕಾಗದದಾಗೆ ಇರಬೇಕಲ್ಲ, ತೆಗೀರಿ. ಅದ್ರಾಗೆ ಗುಣಿ ತೆಗೆದೋನು ಒಬ್ಬ ಇದ್ರೆ ತೋರಿಸ್ರಿ."

"ಹಾಗಾದ್ರೆ ಯಾಕೆ ತೆಗೀತೀರಿ?"

"ಸಾವಿಗೆ ಹೆದರೋರು ಎಲ್ಲಾರಿಗೂ ಕೈ ಮುಗೀತಾರೆ. ಪೂಜಾರಿಗೆ, ಸ್ವಾಮಿಗೆ, ಗೌಡಗೆ, ನಿಮಗೆ. ವರ್ಷಕ್ಕೊಂದ್ಸಲ ಅದ್ರಾಗೆ ಕೂತು ಎದ್ರೆ ಆ ಹೆದರಿಕೆ ಇಳೀತೈತಿ. ಕೈ ಬಿಡುವಾಗ್ತಾವೆ. ಬಿಡುವಾದ ಕೈಗೆ ಕೆಲ್ಸ ಅದಾವೆ."

ಮೇಡಂ ಪೆನ್ನು ಕೆಳಗಿಟ್ಟರು. ಆ ಗಳಿಗೆಯಲ್ಲಿ ನನಗೆ, ಗೆದ್ದಳು ಮುದುಕಿ, ಅನ್ನಿಸಿತು. ಆಮೇಲೆ ಅವರು ಮುಂದಿನ ಹಾಳೆ ತಿರುವಿದರು.

"ಆಜ್ಞೆ ಬಂದ ದಿನ ಎಲ್ಲರೂ ಕೂರ್ತಾರೆ ಅಂತ ನಿಮ್ಮ ಮಗನೇ ಹೇಳಿದ್ದಾರೆ. ಅಂಥ ಆಜ್ಞೆ ಬರುತ್ತಾ?"

ಇಲ್ಲ ಅನ್ನು ದೊಡ್ಡವ್ವ, ಎಂದು ನಾನು ಒಳಗೇ ಕೂಗಿದೆ. ಎರಡು ಹಾರ್ನ್ ಇಲ್ಲದ ಕೂಗು.

"ಬರ್ತೈತಿ," ಎಂದಳು.

"ಯಾರಿಂದ?"

"ಎಲ್ಲಾರಿಗೂ ಎಲ್ಲಿಂದ ಬರ್ತೈತೋ ಅಲ್ಲಿಂದ. ನಿಮಗೂ ಬರ್ತೈತಿ ಮೇಡಮ್ಮಾರೇ, ನನಗೆ ಸ್ವಲ್ಪ ಮುಂಚೆ."

ಟೈಪಿಸ್ಟನ ಬೆರಳು ಓಡಿತು. ಆಮೇಲೆ ಪ್ರತಿ ನೋಡಿದೆ: ಆಜ್ಞೆ ಬರುವುದನ್ನು ಒಪ್ಪಿಕೊಂಡಿರುತ್ತಾರೆ, ವಿಚಾರಣಾಧಿಕಾರಿಯವರಿಗೂ ಸಾವಿನ ಬೆದರಿಕೆ ಹಾಕಿರುತ್ತಾರೆ.

ರಾಮಪ್ಪನನ್ನು ಕರೆದರು. ಹನ್ನೊಂದು ಜನರಲ್ಲಿ ಇವನೇ ಚಿಕ್ಕವನು, ಅರವತ್ತಮೂರು. ಬೇರೆ ಜಾತಿಯವನು, ಹುಟ್ಟಿನಲ್ಲಿ ಲಿಂಗ ಕಟ್ಟಿದವನಲ್ಲ. ಬಲವಂತದಿಂದ ಸೇರಿಸಿಕೊಂಡರಾ ಎಂದು ಮೇಡಂ ಕೇಳಿದರು.

"ನನ್ನ ಹೆಂಡ್ತಿ ವರದಮ್ಮ ಮಂಗನ ಕಾಯಿಲೇಲಿ ಹೋದ್ಲು ಮೇಡಂ," ಎಂದ ರಾಮಪ್ಪ. ಸೊರಬದವರು ಮೆತ್ತಗೆ ಮಾತಾಡುವವರು, ಅವನು ಇನ್ನೂ ಮೆತ್ತಗೆ. "ಮುಟ್ಟಿದ್ರೆ ಅಂಟ್ತದೆ ಅಂತ ಹೆದರಿ ಹೆಣ ಎತ್ತಕ್ಕೆ ಯಾರೂ ಬರ್ಲಿಲ್ಲ. ಅಣ್ಣ ತಮ್ಮಂದಿರೂ ಬರ್ಲಿಲ್ಲ. ಈ ಅಮ್ಮ ಯಾರೋ ಎಂತದೋ, ಸುದ್ದಿ ಕೇಳಿ ನಾಕು ಜನನ್ನ ಕರ್ಕಂಡು ಬಸ್ಸಲ್ಲಿ ಬಂದ್ರು. ಸ್ನಾನ ಮಾಡ್ಸಿ ಕೂರ್ಸಿ ಮಣ್ಣು ಮಾಡಿದ್ರು. ನನ್ನ ಜಾತಿ ಕೇಳ್ಲಿಲ್ಲ. ಅವತ್ತು ನಿಮ್ಮ ಜೀವರಕ್ಷಣೆ ವ್ಯಾನು ಎಲ್ಲಿತ್ತು ಮೇಡಂ? ದಾರಿ ಸರಿ ಇರ್ಲಿಲ್ವಾ ಎಂತದು?"

ಅದು ಪ್ರಶ್ನೆಗೆ ಉತ್ತರವಲ್ಲ ಎಂದು ಮೇಡಂ ಹೇಳಿದರು. ಅಲ್ಲ ಎಂದು ಅವನೂ ಒಪ್ಪಿಕೊಂಡ.

ಊರಿನ ಸಾಕ್ಷಿಗಳು ಬಂದರು. ಕೆಂಪಪ್ಪ ತಾನು ಕಣ್ಣಾರೆ ನೂರೈವತ್ತು ಗುಣಿ ನೋಡಿದ್ದೇನೆ ಎಂದ. ಇನ್ನೊಬ್ಬ ಒಳಗೆ ನೀರಿನ ಸದ್ದು ಕೇಳಿದ್ದೇನೆ ಎಂದ. ಹದ್ದು ಸುತ್ತುವುದನ್ನು ಮೂವರು ನೋಡಿದ್ದರು. ಎಲ್ಲ ನನ್ನವೇ ಮಾತುಗಳು. ನಾನು ಚಹಾದಂಗಡಿಯಲ್ಲಿ ಬಿಟ್ಟ ಕರುಗಳು ಎತ್ತಾಗಿ ತಿರುಗಿ ಬಂದು ನನ್ನ ಎದುರೇ ನಿಂತಿದ್ದವು.

ಕೊನೆಗೆ ನನ್ನ ಸರದಿ. ಪ್ರಮಾಣ ಮಾಡಿಸಿದರು. ಎದೆ ಸೆಟೆಸಿ ನಿಂತು, ಮೂವತ್ತು ವರ್ಷದಲ್ಲಿ ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಹನ್ನೊಂದು ಗುಣಿ ಮೇಡಂ. ಹನ್ನೊಂದು ಜನ. ಆಜ್ಞೆಗೀಜ್ಞೆ ಇಲ್ಲ. ಎಲ್ಲಾ ನಾನು ಹುಟ್ಟಿಸಿದ್ದು."

ಮೇಡಂ ಮೊಬೈಲ್ ನನ್ನ ಕಡೆ ತಿರುಗಿಸಿದರು. ಪರದೆಯಲ್ಲಿ ನಾನು, ಎಷ್ಟು ಚೆಂದ ಮಾತಾಡುತ್ತಿದ್ದೆ. ಮಾತು ಮಾತಿಗೂ ಕೈ ಎತ್ತುತ್ತಿದ್ದೆ. ಆಮೇಲೆ ಪಂಚನಾಮೆ ತೆಗೆದರು.

"ನೂರಾ ಒಂದು ಗುಂಡಿ. ಫೋಟೋ ಸಮೇತ. ಹಾಗಾದ್ರೆ ಸರ್ಕಾರ ಸುಳ್ಳು ಹೇಳ್ತಿದೆಯಾ?"

"ಅದ್ರಾಗೆ ತೆಂಗಿನ ಗುಂಡಿ ಅದಾವೆ ಮೇಡಂ. ಶೌಚಾಲಯದ್ದು ಐತಿ."

"ಯಾರ ಒತ್ತಡದಿಂದ ಈಗ ಹೇಳಿಕೆ ಬದಲಾಯಿಸ್ತಿದ್ದೀರಿ?"

ನನ್ನ ಗಂಟಲಿಗೆ ಸುಳ್ಳಿನ ಶ್ರುತಿ ಕಟ್ಟಿತ್ತು. ನಿಜ ಹೇಳಿದರೆ ಒಡಕು ಕೇಳುತ್ತಿತ್ತು. ಮೇಡಂ ದೊಡ್ಡವ್ವನ ಕಡೆ ತಿರುಗಿ, "ಇವರು ವಿಡಿಯೋದಲ್ಲಿ ಹೇಳಿದ್ದು ಸುಳ್ಳು ಅಂತ ನೀವು ಹೇಳ್ತೀರಾ?" ಎಂದು ಕೇಳಿದರು. ಹೌದು ಎನ್ನಬಹುದಿತ್ತು. ಅಂದಿದ್ದರೆ ನನ್ನ ಮೇಲೆ ಒಂದು ಕೇಸು ಬೀಳುತ್ತಿತ್ತು, ಅವಳು ಮನೆಗೆ ಹೋಗುತ್ತಿದ್ದಳು.

"ನಾನು ಕಂಡದ್ದು ಹನ್ನೊಂದು," ಎಂದಳು. "ಅವನ ಮಾತು ಅವನದು."

ಬಿಡುಗಡೆಗೆ ಒಂದೇ ದಾರಿ ಉಳಿಯಿತು: ಮುಚ್ಚಳಿಕೆ. ಗುಣಿಯ ಆಚರಣೆ ಮೂಢನಂಬಿಕೆ ಎಂದು ಒಪ್ಪಿದ್ದೇನೆ, ಇನ್ನು ತೆಗೆಯುವುದಿಲ್ಲ, ಕೂರುವುದಿಲ್ಲ ಎಂದು ಬರೆದು ಸಹಿ. ಒಂಬತ್ತು ಜನ ಹಾಕಿದರು. ಒಬ್ಬೊಬ್ಬರೇ ಬಂದು, ಕೊರಳಿನ ಲಿಂಗವನ್ನು ಅಂಗಿಯೊಳಗೆ ತಳ್ಳಿಕೊಂಡು, ಹಾಕಿದರು. ನಾನು ಅವರನ್ನು ಬೈಯಲಾರೆ. ರಾಮಪ್ಪ ಒಲ್ಲೆ ಎಂದ. ವಾರಕ್ಕೊಮ್ಮೆ ಠಾಣೆಗೆ ಬಂದು ಹೋಗು ಎಂದರು. ದೊಡ್ಡವ್ವ ಕಾಗದವನ್ನು ದೂರ ಹಿಡಿದು ಓದಿ, ಮೇಜಿನ ಮೇಲಿಟ್ಟಳು.

"ಗುಣಿ ಮುಚ್ಚಿದ್ರಿ. ಅದು ನಿಮ್ಮ ಕೈಲಾಗೋ ಕೆಲ್ಸ, ಆಯ್ತು. ಇದು ತಪ್ಪು ಅಂತ ನನ್ನ ಬೆರಳಾಗೆ ಬರೆಸೋದು ನಿಮ್ಮ ಕೈಲಾಗಲ್ಲ."

ನಾನು ಅವಳ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ. "ದೊಡ್ಡವ್ವ, ಒಂದು ಸಹಿ. ಮನಿಗೆ ಹೋಗಾಣ. ಇವರೆಲ್ಲ ಹೋದ ಮೇಲೆ ನಾನು ತೆಗೆದುಕೊಡ್ತೀನಿ. ನೂರು ಗುಣಿ ತೆಗೆದುಕೊಡ್ತೀನಿ."

ನನ್ನ ತಲೆಯ ಮೇಲೆ ಕೈಯಿಟ್ಟಳು. "ಒಂದು ಸಾಕಿತ್ತಲ್ಲೋ ಕೊಟ್ರ," ಎಂದಳು.

ಮುಚ್ಚಳಿಕೆ ಕೊಡದವಳನ್ನು, ಅವಳ ಜೀವಕ್ಕೆ ಅವಳಿಂದಲೇ ಅಪಾಯವಿದೆ ಎಂದು, ದೂರದ ಒಂದು ದೊಡ್ಡಾಸ್ಪತ್ರೆಗೆ ಸೇರಿಸಿದರು. ಬಾಗಿಲಲ್ಲಿ ಮಾರಪ್ಪನನ್ನು ಕೂರಿಸಿದರು. ಹಗ್ಗ, ಪಿನ್ನು, ಕತ್ತರಿಯ ಜೊತೆಗೆ ಕೊರಳಿನ ಲಿಂಗವನ್ನೂ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಲು ಮಾಡಿದರು, ಅದಕ್ಕೆ ದಾರವಿತ್ತು. ಬುದ್ಧಿ ಬಂದ ದಿನದಿಂದ ಆ ಲಿಂಗ ಅವಳ ಮೈಬಿಟ್ಟು ಇದ್ದದ್ದಿಲ್ಲ.

ನಾನು ಹೋದಾಗ ಮಲಗಿದ್ದಳು. ಎಡಗೈ ಹೊದಿಕೆಯ ಮೇಲೆ ಅಂಗಾತ ತೆರೆದುಕೊಂಡಿತ್ತು.

"ಕೈ ಖಾಲಿ ಐತಿ ನೋಡು," ಎಂದಳು.

"ನಾಳೆ ಇಷ್ಟೊತ್ತಿಗೆ ನಿನ್ನ ಕೈಯಾಗಿರ್ತೈತಿ ದೊಡ್ಡವ್ವ. ಮಂತ್ರಿಗೇ ಫೋನ್ ಹಚ್ಚಿ ಮಾತಾಡೀನಿ. ಇಡೀ ಆಸ್ಪತ್ರೆ ನಡುಗ್ತೈತಿ."

ನಾನು ಮಾತಾಡಿದ್ದು ಒಬ್ಬ ಗುಮಾಸ್ತನ ಜೊತೆ. ಅವನು ಪತ್ರ ತನ್ನಿ ಎಂದಿದ್ದ. ಅವಳು ನನ್ನ ಮುಖ ನೋಡಿದಳು, ಸರಿ ಎಂಬಂತೆ ತಲೆಯಾಡಿಸಿದಳು. ಅದನ್ನೂ ತಿದ್ದಲಿಲ್ಲ.

ಹನ್ನೊಂದನೆಯ ದಿನ ಹೋದಳು. ಸಾಮೂಹಿಕ ಅಲ್ಲ, ಆಜ್ಞೆಯ ಗಳಿಗೆ ಅಲ್ಲ. ಆಸ್ಪತ್ರೆಯವರು ಮಧ್ಯಾಹ್ನದ ಗಂಜಿ ತಂದಿಟ್ಟು ಹಿಂದಿರುಗುವಷ್ಟರಲ್ಲಿ.

ಹೆಣವನ್ನು ಕೊಯ್ದು ಹೊಲಿದು ಕೊಟ್ಟರು, ಷರತ್ತು ಹಾಕಿ ಕೊಟ್ಟರು. ಹೊಲಕ್ಕೆ ಒಯ್ಯುವಂತಿಲ್ಲ. ಕೂರಿಸಿ ಮಣ್ಣು ಮಾಡಿದರೆ ನಂಬಿಕೆಗೆ ಕುಮ್ಮಕ್ಕು ಕೊಟ್ಟಂತೆ, ಆದ್ದರಿಂದ ಮಲಗಿಸಿ, ಸಾರ್ವಜನಿಕ ಸ್ಮಶಾನದಲ್ಲಿ, ಹನ್ನೆರಡು ಗಂಟೆಯೊಳಗೆ. ಗುಂಡಿಯನ್ನು ಜೆಸಿಬಿ ಮೊದಲೇ ತೆಗೆದಿಟ್ಟಿತ್ತು. ಒಂದಾಳು ಉದ್ದ, ಯಾರ ಪಾದದ್ದೂ ಅಲ್ಲದ ಅಳತೆ. ರಾಮಪ್ಪ ಅಲ್ಲಿದ್ದ ಅಧಿಕಾರಿಯನ್ನು, "ಗೋಡೆಗೆ ಒರಗ್ಸಿ ಆದ್ರೂ ಕೂರ್ಸಣ ಸಾರ್, ಮೇಲಿಂದ ಕಾಣೂದಿಲ್ಲ" ಎಂದು ಕೇಳಿದ. ಅವರು ಗಡಿಯಾರ ನೋಡಿದರು.

ಮಾರಪ್ಪ ಆಗ ಸುತ್ತ ನೋಡಿ, ಜೇಬಿನಿಂದ ಆ ಪ್ಲಾಸ್ಟಿಕ್ ಕವರು ತೆಗೆದು ರಾಮಪ್ಪನ ಕೈಗಿಟ್ಟು, ಮುಖ ತಿರುಗಿಸಿ ನಿಂತ. ರಾಮಪ್ಪ ಗುಂಡಿಗೆ ಇಳಿದ. ಲಿಂಗವನ್ನು ಎಡಗೈಯಲ್ಲಿಟ್ಟ. ಬೆರಳು ಸೆಟೆದುಕೊಂಡಿದ್ದವು, ಮಡಚಲು ಬರಲಿಲ್ಲ. ತನ್ನ ಟವೆಲ್ಲಿನ ಅಂಚು ಹರಿದು ಅಂಗೈಗೆ ಸುತ್ತಿ ಕಟ್ಟಿದ. ಕೆಳಗೆ ನಾನೇ ಇಳೀತೀನಿ ಎಂದವನು ನಾನು. ಮೇಲೆ ನಿಂತಿದ್ದೆ.

ಭಜಂತ್ರಿ ಇರಲಿಲ್ಲ. ನಾವಿಬ್ಬರು, ಮುಚ್ಚಳಿಕೆ ಬರೆದುಕೊಟ್ಟವರಲ್ಲಿ ನಾಲ್ವರು, ಮಾರಪ್ಪ. ಯೋಗೇಶ ಫೋನ್ ಮಾಡಿದ: "ಅಣ್ಣ, ಎಷ್ಟು ಜನ ಸೇರಿದ್ರು? ಹತ್ತು ಸಾವಿರ ಅಂತ ಹಾಕ್ಲಾ?" ನಾನು ಏಳು ಎಂದೆ. "ಏಳು ಸಾವಿರನಾ?" ಎಂದ. ಫೋನ್ ಇಟ್ಟೆ.

ಮೂರನೆಯ ದಿನ ಬೆಳಿಗ್ಗೆ ರಾಮಪ್ಪ ಕ್ಯಾಸನೂರಿನಿಂದ ಮೊದಲ ಬಸ್ಸಿಗೆ ಬಂದ, ಹೆಗಲ ಮೇಲೆ ಗುದ್ದಲಿ. ದೊಡ್ಡವ್ವನ ಅಟ್ಟದಲ್ಲಿ ಅವಳ ಪಾದದ ಅಳತೆಯ ಒಂದು ಬಿದಿರು ಕೋಲು ಇತ್ತು. ಅದನ್ನು ತೆಗೆದುಕೊಂಡು ಇಬ್ಬರೂ ಕಲ್ಲುಮಡಿಗೆ ಹೋದೆವು. ಕೂರುವವಳು ಇನ್ನು ಬರುವುದಿಲ್ಲ, ಆದರೂ ತೆಗೆಯಬೇಕು ಎಂದ ರಾಮಪ್ಪ. ನಾನು ಕೋಲು ನೆಲಕ್ಕೆ ಹಿಡಿದು ಅಳೆದೆ. ಒಂಬತ್ತು ಕೋಲು ಉದ್ದ, ಐದು ಕೋಲು ಅಗಲ. ಆ ಗುಣಿಯನ್ನು ನಾನು ಬಿಸಿಲೇರುವ ಮೊದಲೇ ತೆಗೆದು ಮುಗಿಸಿದೆ, ಬರಿಗೈಯಲ್ಲಿ, ಬಂಡೆ ಒಡೆದು.

ಇಲ್ಲ. ತೆಗೆದದ್ದು ರಾಮಪ್ಪ. ಮಧ್ಯಾಹ್ನ ಮೂರಾಯಿತು. ನಾನು ಗುದ್ದಲಿ ಹಿಡಿದು ನಾಲ್ಕು ಏಟು ಹಾಕುವಷ್ಟರಲ್ಲಿ ಅಂಗೈ ಬೊಬ್ಬೆ ಎದ್ದಿತು, ಬದುವಿನ ಮೇಲೆ ಕೂತೆ. ಅವಳು ಕೂತು ನೋಡಿದ ಬದುವೇ. ಆಮೇಲೆ ಎದ್ದು ಎರಡು ಪುಟ್ಟಿ ಮಣ್ಣು ಹೊತ್ತು ಹಾಕಿದೆ.

ಸಂಜೆ ಮಾರಪ್ಪ ಬೈಕಿನಲ್ಲಿ ಬಂದ. ಯಾರೋ ದೂರು ಕೊಟ್ಟಿದ್ದರು, ಕೆಂಪಪ್ಪನೇ ಇರಬೇಕು. ಗುಣಿಯ ಅಂಚಿಗೆ ಬಂದು ಇಣುಕಿ, ಟೋಪಿ ತೆಗೆದು, ಮತ್ತೆ ಹಾಕಿಕೊಂಡ. ಫೋಟೋ ತೆಗೆದ. ಜೇಬಿನ ಪುಸ್ತಕ ಬಿಡಿಸಿದ.

"ಬರೀಬೇಕಲ್ರೀ," ಎಂದ.

"ಒಂದು ಅಂತ ಬರಿ ಮಾರಪ್ಪ. ಒಂದೇ ಇರೋದು."

ನನ್ನ ದನಿ ಎಷ್ಟು ಸಣ್ಣಗಿತ್ತೆಂದರೆ ಅವನು ಏನು ಎಂದು ಮತ್ತೆ ಕೇಳಬೇಕಾಯಿತು. ಮತ್ತೆ ಹೇಳಿದೆ.

"ಅದು ಆಗಂಗಿಲ್ಲ ಕೊಟ್ರೇಶಣ್ಣ," ಎಂದ, ಬೇಜಾರಿನಿಂದಲೇ. "ದಾಖಲೆ ಪ್ರಕಾರ ಇದು ನೂರಾ ಎರಡನೇದು."

ಬರೆದುಕೊಂಡು ಹೋದ. ರಾಮಪ್ಪ ಗೂಡಿನ ಮಣ್ಣನ್ನು ಅಂಗೈಯಿಂದ ಸವರುತ್ತಿದ್ದ. ನಾಳೆ ಜೆಸಿಬಿ ಬರುತ್ತದೆ ಎಂದು ಅವನಿಗೆ ಹೇಳಬೇಕೆಂದುಕೊಂಡೆ. ಗೊತ್ತಿತ್ತು ಅವನಿಗೆ.